ಆಕಾಶದ ನಂಟು

ಸ್ಕೈಡೈವಿಂಗ್‌ಗೆ ವಿಮಾನ ಬೇಕು, ವಿಮಾನಕ್ಕೆ ರನ್‌ವೇ ಬೇಕು, ಇಳಿಯುವುದಕ್ಕೆ ಮರ, ಕಂಬ, ತಂತಿಗಳ ಕಾಟವಿಲ್ಲದ ಬಯಲು ಬೇಕು, ವಾಯುಸಂಚಾರ ನಿಯಂತ್ರಕರ ಒಪ್ಪಿಗೆ ಬೇಕು. ಇವೆಲ್ಲ ಇದ್ದೂ ಮೋಡ ಮುಸುಕಿದರೆ ಅಥವಾ ಗಾಳಿ ಜೋರಾದರೆ ದಿನವಿಡೀ ಕೈಕಟ್ಟಿ ಕೂರಬೇಕು. ಎಲ್ಲವೂ ಕೂಡಿಬರುವ ತಾಣಗಳು ಭೂಮಿಯ ಮೇಲೆ ಅಲ್ಲೊಂದು ಇಲ್ಲೊಂದು. ಅವಕ್ಕೆ ಡ್ರಾಪ್‌ಝೋನ್ ಎನ್ನುತ್ತಾರೆ. ಹೀಗಾಗಿ ಈ ಹವ್ಯಾಸ ಹತ್ತಿಸಿಕೊಂಡವರು ಒಂದಲ್ಲ ಒಂದು ದಿನ ಪ್ಯಾರಾಚೂಟ್ ಹೆಗಲಿಗೇರಿಸಿ ಊರು ಬಿಡುತ್ತಾರೆ. ಉತ್ತರ ಯುರೋಪಿನಲ್ಲಿ ಹಿಮ ಬೀಳುವ ತಿಂಗಳುಗಳಲ್ಲಿ ಅಲ್ಲಿಯ ಜಿಗಿತಗಾರರು ಸ್ಪೇನ್, ದುಬೈ, ಅರಿಜೋನಾಗಳಲ್ಲಿ ಕಾಣಸಿಗುವುದು ಇದೇ ಕಾರಣಕ್ಕೆ.

ಸಾಮಾನ್ಯ ಜಿಗಿತವೊಂದಕ್ಕೆ ವಿಮಾನ ಸುಮಾರು 4,000 ಮೀಟರ್, ಅಂದರೆ 13,000 ಅಡಿ ಎತ್ತರಕ್ಕೆ ಏರುತ್ತದೆ. ಹೊಟ್ಟೆ ಕೆಳಗಾಗಿ ಕೈಕಾಲು ಚಾಚಿ ಬೀಳುವವರ ವೇಗ ಹತ್ತು ಹನ್ನೆರಡು ಸೆಕೆಂಡಿನಲ್ಲಿ ಗಂಟೆಗೆ 190ರಿಂದ 200 ಕಿ.ಮೀ. ಮುಟ್ಟುತ್ತದೆ. ದೇಹದ ತೂಕಕ್ಕೆ ಗಾಳಿಯ ತಡೆ ಸರಿಸಮವಾಗುವುದರಿಂದ ಅಲ್ಲಿಂದಾಚೆ ವೇಗ ಏರುವುದಿಲ್ಲ. ತಲೆ ಕೆಳಗಾಗಿ ಬಿದ್ದರೆ 240 ದಾಟುತ್ತದೆ. ಹೀಗೆ ಬೀಳುವ ಅವಧಿ ಒಂದು ನಿಮಿಷದಷ್ಟು. ಪ್ಯಾರಾಚೂಟ್ ಬಿಚ್ಚಿಕೊಂಡ ಮೇಲೆ ಐದು ನಿಮಿಷದ ತೇಲಾಟ. ಇಬ್ಬರು ಒಂದೇ ವೇಗದಲ್ಲಿ ಬೀಳುತ್ತಿದ್ದರೆ ಒಬ್ಬರ ಕಣ್ಣಿಗೆ ಇನ್ನೊಬ್ಬರು ಗಾಳಿಯಲ್ಲಿ ನಿಂತಂತೆಯೇ ಕಾಣುತ್ತಾರೆ. ಅಂಗೈ, ಮೊಣಕಾಲು ತುಸು ಅಲುಗಿಸಿದರೆ ಹತ್ತಿರ ಸರಿಯಬಹುದು, ಕೈ ಹಿಡಿಯಬಹುದು, ಉಂಗುರ ಕಟ್ಟಬಹುದು. ಒಂಟಿ ಸಾಹಸವಾಗಿ ಉಳಿಯಬಹುದಾಗಿದ್ದ ಜಿಗಿತ ಕೂಡಿ ಆಡುವ ಆಟವಾದದ್ದು ಈ ಗುಣದಿಂದ.

ಪ್ಯಾರಾಚೂಟಿಗೆ ಇನ್ನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. 1797ರ ಅಕ್ಟೋಬರ್ 22ರಂದು ಪ್ಯಾರಿಸ್ಸಿನ ಮೇಲೆ ಬಲೂನಿನಿಂದ ಬಿಡಿಸಿಕೊಂಡು ಬಟ್ಟೆಯ ಕೊಡೆಯಡಿ ಇಳಿದ ಆಂದ್ರೆ-ಜಾಕ್ ಗಾರ್ನರಿನ್‌ನಿಂದ ಅದು ಶುರುವಾಗುತ್ತದೆ. ವಿಮಾನದಿಂದ ಹೊರಬಿದ್ದು, ಕೆಲ ಹೊತ್ತು ಮುಕ್ತವಾಗಿ ಬಿದ್ದು, ಆಮೇಲೆ ತಾನೇ ಹಿಡಿ ಎಳೆದು ಪ್ಯಾರಾಚೂಟ್ ತೆರೆಯಬಹುದೆಂದು 1919ರಲ್ಲಿ ಅಮೆರಿಕದ ಲೆಸ್ಲಿ ಇರ್ವಿನ್ ತೋರಿಸಿದ. ಇಳಿಯುವಾಗ ಪಾದದ ಕೀಲು ಮುರಿದುಕೊಂಡ. ಅಲ್ಲಿಯವರೆಗೆ, ಬೀಳುವ ರಭಸಕ್ಕೆ ಮನುಷ್ಯನಿಗೆ ಎಚ್ಚರ ತಪ್ಪುತ್ತದೆ, ಹಿಡಿ ಎಳೆಯಲು ಆಗುವುದಿಲ್ಲ ಎಂದು ನಂಬಿದವರು ಬಹಳ ಮಂದಿ ಇದ್ದರು. 1951ರಲ್ಲಿ ಆಗಿನ ಯುಗೊಸ್ಲಾವಿಯದ ಬ್ಲೆಡ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆದಾಗ ಬಂದದ್ದು ಐದೇ ದೇಶಗಳ ತಂಡಗಳು. ಎಂಟು ವರ್ಷಗಳ ನಂತರ, 1959ರಲ್ಲಿ, ಫ್ರಾನ್ಸಿನಲ್ಲಿ ಹುಟ್ಟಿದ ಜಾಕ್ ಇಸ್ಟೆಲ್ ಅಮೆರಿಕದ ಮ್ಯಾಸಚೂಸೆಟ್ಸಿನ ಆರೆಂಜ್ ಎಂಬ ಊರಿನಲ್ಲಿ ಜನಸಾಮಾನ್ಯರು ದುಡ್ಡು ಕೊಟ್ಟು ಕಲಿಯಬಹುದಾದ ಕೇಂದ್ರ ತೆರೆದ. ಸೇನೆಯ ಬೇಲಿಯೊಳಗಿದ್ದ ವಿದ್ಯೆ ಹೊರಗೆ ಬಂತು. 1962ರ ವಿಶ್ವ ಚಾಂಪಿಯನ್‌ಷಿಪ್ ಅದೇ ಆರೆಂಜ್‌ನಲ್ಲಿ ನಡೆಯಿತು. ಶೀತಲ ಸಮರ ಕುದಿಯುತ್ತಿದ್ದ ದಿನಗಳಲ್ಲೇ ಎರಡೂ ಪಾಳೆಯದ ಜಿಗಿತಗಾರರು ಒಂದೇ ಮೈದಾನದಲ್ಲಿ ಇಳಿದರು.

ಆಗಿನ ದುಂಡು ಪ್ಯಾರಾಚೂಟ್ ಗಾಳಿ ಎಳೆದತ್ತ ಸಾಗುತ್ತಿತ್ತು. 1960ರ ದಶಕದಲ್ಲಿ ಡೊಮಿನಾ ಜಾಲ್ಬರ್ಟ್ ರೂಪಿಸಿದ, ಗಾಳಿ ತುಂಬಿ ರೆಕ್ಕೆಯಂತೆ ಉಬ್ಬುವ ಚೌಕದ ಪ್ಯಾರಾಚೂಟ್ ಬಂದ ಮೇಲೆ ಬೇಕಾದ ಕಡೆ ತಿರುಗಿಸಿ, ಗುರುತು ಹಾಕಿದ ಜಾಗದಲ್ಲೇ ಕಾಲೂರುವುದು ಸಾಧ್ಯವಾಯಿತು. ಕೆಟ್ಟ ಪ್ಯಾರಾಚೂಟನ್ನು ಒಂದೇ ಎಳೆತಕ್ಕೆ ಕಳಚಿಹಾಕುವ ಮೂರು ಉಂಗುರಗಳ ಜೋಡಣೆ ಅಮೆರಿಕದ ಬಿಲ್ ಬೂತ್ ಅವರ ಕೊಡುಗೆ. ಜಿಗಿತಗಾರರು ಎಚ್ಚರ ತಪ್ಪಿದ್ದರೂ ನಿಗದಿತ ಎತ್ತರದಲ್ಲಿ ಮೀಸಲು ಪ್ಯಾರಾಚೂಟನ್ನು ತಾನಾಗಿ ತೆರೆಯುವ ಸೈಪ್ರೆಸ್ ಎಂಬ ಪುಟ್ಟ ಉಪಕರಣ 1990ರ ದಶಕದ ಆರಂಭದಲ್ಲಿ ಜರ್ಮನಿಯಿಂದ ಬಂತು. ಗುರುತಿಲ್ಲದ ಊರಿನ ಗುರುತಿಲ್ಲದ ಬಯಲಿಗೆ ಧೈರ್ಯವಾಗಿ ಜಿಗಿಯುವ ಇಂದಿನ ಪ್ರವಾಸಿ ಜಿಗಿತಗಾರರು ಈ ಮೂರಕ್ಕೂ ಋಣಿಗಳು.

ಈ ಪ್ರವಾಸಿಗರನ್ನು ಹೊಸ ಊರಿನಲ್ಲಿ ಪರಿಚಯಿಸುವುದು ಅವರ ಲೈಸೆನ್ಸ್ ಮತ್ತು ಲಾಗ್‌ಬುಕ್. ಬೋಧಕರ ಮೈಗೆ ಬಿಗಿದುಕೊಂಡು ಒಮ್ಮೆ ಬೀಳುವ ಟ್ಯಾಂಡೆಮ್ ಜಿಗಿತಕ್ಕೆ ಇದಾವುದೂ ಬೇಡ; ಅರ್ಧ ಗಂಟೆಯ ಪಾಠ ಸಾಕು. ಸ್ವತಂತ್ರವಾಗಿ ಜಿಗಿಯುವವರ ಹಾದಿ ಬೇರೆ. ಅಕ್ಕಪಕ್ಕ ಬೋಧಕರು ಹಿಡಿದುಕೊಂಡು ಬೀಳುವ ಏಳೆಂಟು ಹಂತಗಳ ತರಬೇತಿ ಮುಗಿಸಿ, ಅಮೆರಿಕದ ಪದ್ಧತಿಯಲ್ಲಾದರೆ ಒಟ್ಟು 25 ಜಿಗಿತಗಳಾದ ಮೇಲೆ ಪರೀಕ್ಷೆ ಪಾಸಾಗಿ ‘ಎ’ ಲೈಸೆನ್ಸ್ ಪಡೆಯುತ್ತಾರೆ. 50ಕ್ಕೆ ‘ಬಿ’, 200ಕ್ಕೆ ‘ಸಿ’, 500ಕ್ಕೆ ‘ಡಿ’. ಪ್ರತಿಯೊಂದು ಜಿಗಿತದ ತಾರೀಕು, ಜಾಗ, ವಿಮಾನ, ಎತ್ತರ, ಮಾಡಿದ ಕಸರತ್ತುಗಳನ್ನು ಲಾಗ್‌ಬುಕ್ಕಿನಲ್ಲಿ ಬರೆದು ಜೊತೆಗಿದ್ದವರ ಸಹಿ ಹಾಕಿಸಿಕೊಳ್ಳುವ ರೂಢಿ ಇದೆ. ಹೊಸ ಡ್ರಾಪ್‌ಝೋನ್‌ನ ಕಚೇರಿಯಲ್ಲಿ ಮೊದಲು ಕೇಳುವುದು ಅದನ್ನೇ. ಕೊನೆಯ ಜಿಗಿತ ಯಾವಾಗ ಆಯಿತು ಎಂಬುದರ ಮೇಲೆ ಅವರ ಕಣ್ಣು. ಬಹಳ ದಿನ ಬಿಟ್ಟಿದ್ದರೆ ಎಷ್ಟೇ ಅನುಭವಿಯಾದರೂ ಮತ್ತೆ ಬೋಧಕರ ಮುಂದೆ ಪಾಠ ಒಪ್ಪಿಸಬೇಕು. ಹಳಬರಿಗೆ ಇದು ಕಿರಿಕಿರಿ ಅನ್ನಿಸಬಹುದು, ಆದರೆ ಬಿಗುಮಾನಕ್ಕೆ ಇಲ್ಲಿ ಎಡೆಯಿಲ್ಲ.

ಒಂದು ದೇಶದ ಲೈಸೆನ್ಸನ್ನು ಇನ್ನೊಂದು ದೇಶ ಬಹುಮಟ್ಟಿಗೆ ಒಪ್ಪುತ್ತದೆ. ಅಂತರರಾಷ್ಟ್ರೀಯ ವಾಯುಕ್ರೀಡಾ ಒಕ್ಕೂಟವಾದ ಎಫ್‌ಎಐ 1905ರಿಂದ ಇದ್ದು, ಬೇರೆಬೇರೆ ದೇಶಗಳ ಸಂಘಗಳನ್ನು ಒಂದೇ ಚೌಕಟ್ಟಿಗೆ ತಂದಿರುವುದು ಇದಕ್ಕೆ ನೆರವಾಗಿದೆ. ಆದರೂ ಕೆಲವು ದೇಶಗಳಲ್ಲಿ ಅಲ್ಲಿನ ಸಂಘದ ತಾತ್ಕಾಲಿಕ ಸದಸ್ಯತ್ವ ಪಡೆಯಬೇಕಾಗುತ್ತದೆ, ಇನ್ನು ಕೆಲವೆಡೆ ಮೂರನೆಯವರಿಗೆ ಆಗಬಹುದಾದ ಹಾನಿಗೆ ವಿಮೆ ತೋರಿಸಬೇಕು. ಮೀಸಲು ಪ್ಯಾರಾಚೂಟಿನ ವಿಷಯದಲ್ಲೂ ಹೀಗೆಯೇ. ಅದನ್ನು ಮಡಿಸಲು ಪ್ರಮಾಣಪತ್ರ ಪಡೆದ ರಿಗರ್‌ಗಳಿಗೆ ಮಾತ್ರ ಅಧಿಕಾರ. ಅಮೆರಿಕದಲ್ಲಿ 180 ದಿನಕ್ಕೊಮ್ಮೆ ಬಿಚ್ಚಿ ಪರೀಕ್ಷಿಸಿ ಮರಳಿ ಮಡಿಸಬೇಕು. ಯುರೋಪಿನ ಕೆಲವು ದೇಶಗಳಲ್ಲಿ ವರ್ಷದ ಗಡುವು ಇದೆ. ಹೊರಡುವ ಮುನ್ನ ಇದನ್ನೆಲ್ಲ ವಿಚಾರಿಸಿಕೊಳ್ಳದವರು ಸಾವಿರಾರು ಮೈಲಿ ದಾಟಿ ಹೋಗಿ ಬಿಸಿಲಲ್ಲಿ ಕುಳಿತು ಬೇರೆಯವರ ಜಿಗಿತ ನೋಡಬೇಕಾಗುತ್ತದೆ.

ಎರಡು ಪ್ಯಾರಾಚೂಟ್, ಅವನ್ನು ಹೊತ್ತ ಚೀಲ, ಪಟ್ಟಿಗಳು, ಸೈಪ್ರೆಸ್ ಎಲ್ಲ ಸೇರಿ ಒಂದು ರಿಗ್. ಇದನ್ನು ವಿಮಾನ ನಿಲ್ದಾಣ ದಾಟಿಸುವುದೇ ಒಂದು ಕೆಲಸ. ಜಿಗಿತಗಾರರು ಸಾಮಾನ್ಯವಾಗಿ ರಿಗ್ಗನ್ನು ಸರಕಿನ ಜೊತೆ ಕಳಿಸದೆ ಕೈಚೀಲವಾಗಿ ಒಯ್ಯಲು ಇಷ್ಟಪಡುತ್ತಾರೆ. ಕಳೆದರೆ ಹಲವು ಸಾವಿರ ಡಾಲರು ಹೋದ ಹಾಗೆ. ಎಕ್ಸ್‌ರೇ ಪರದೆಯ ಮೇಲೆ ಬಟ್ಟೆಯ ಗಂಟಿನ ನಡುವೆ ವಯರು, ಬ್ಯಾಟರಿ, ಲೋಹದ ಕೊಳವೆ ಕಂಡಾಗ ಭದ್ರತಾ ಸಿಬ್ಬಂದಿಯ ಹುಬ್ಬೇರುವುದು ಸಹಜ. ಮೀಸಲು ಪ್ಯಾರಾಚೂಟಿನ ಕುಣಿಕೆಯನ್ನು ಕತ್ತರಿಸಲು ಸೈಪ್ರೆಸ್‌ನಲ್ಲಿ ಚಿಟಿಕೆಯಷ್ಟು ಸ್ಫೋಟಕವೂ ಇರುತ್ತದೆ. ಅದಕ್ಕೆಂದೇ ತಯಾರಕರು ಉಪಕರಣದ ಎಕ್ಸ್‌ರೇ ಚಿತ್ರವಿರುವ ಕಾರ್ಡೊಂದನ್ನು ಕೊಡುತ್ತಾರೆ. ಸಿಬ್ಬಂದಿ ಯಾರಾದರೂ ಕುತೂಹಲಕ್ಕೆ ಮೀಸಲಿನ ಹಿಡಿ ಎಳೆದರೆ ಸಾಕು, ತಪಾಸಣೆಯ ಮೇಜಿನ ಮೇಲೆಯೇ ಪ್ಯಾರಾಚೂಟ್ ಹೊರಚಿಮ್ಮುತ್ತದೆ. ಮರಳಿ ಮಡಿಸಲು ರಿಗರ್‌ ಹುಡುಕಬೇಕು. ಆದ್ದರಿಂದ ಪಯಣಿಸುವವರು ಬೇಗ ಹೋಗಿ, ತಾಳ್ಮೆಯಿಂದ ವಿವರಿಸಿ, ರಿಗ್ಗಿನಿಂದ ಕಣ್ಣು ತೆಗೆಯದೆ ನಿಲ್ಲುತ್ತಾರೆ.

ಡ್ರಾಪ್‌ಝೋನ್ ತಲುಪಿದ ಮೇಲೆ ಹೊಣೆಗಾರಿಕೆಯ ಪತ್ರಕ್ಕೆ ಸಹಿ, ರಿಗ್ಗಿನ ತಪಾಸಣೆ. ಬಳಿಕ ಆ ಊರಿನ ಬಯಲನ್ನು ಆಕಾಶದಿಂದ ತೆಗೆದ ದೊಡ್ಡ ಚಿತ್ರದ ಮುಂದೆ ನಿಲ್ಲಿಸಿ ಸ್ಥಳೀಯ ನಿಯಮ ಹೇಳುತ್ತಾರೆ. ಯಾವ ದಿಕ್ಕಿನಿಂದ ಇಳಿಯಬೇಕು, ಪ್ಯಾರಾಚೂಟ್ ಎಡಕ್ಕೆ ತಿರುಗಿಸಬೇಕೋ ಬಲಕ್ಕೋ, ವಿದ್ಯುತ್ ತಂತಿ ಎಲ್ಲಿದೆ, ಗಾಳಿ ದಾರಿ ತಪ್ಪಿಸಿದರೆ ಯಾವ ಹೊಲದಲ್ಲಿ ಇಳಿಯಬಹುದು, ಯಾವ ರೈತನ ಬೆಳೆ ತುಳಿಯಬಾರದು. ಕೊನೆಯದನ್ನು ನಗುತ್ತ ಹೇಳಿದರೂ ಅದು ಹುಡುಗಾಟವಲ್ಲ; ನೆರೆಹೊರೆಯವರ ದೂರಿಗೆ ಡ್ರಾಪ್‌ಝೋನ್‌ಗಳು ಅಂಜುತ್ತವೆ.

ಹೊಸಬರನ್ನು ಎಡವಿಸುವ ಇನ್ನೆರಡು ಸಂಗತಿಗಳಿವೆ. ಅಮೆರಿಕದಲ್ಲಿ ಎತ್ತರವನ್ನು ಅಡಿಗಳಲ್ಲಿ ಹೇಳುತ್ತಾರೆ, ಯುರೋಪಿನ ಬಹುಭಾಗದಲ್ಲಿ ಮೀಟರುಗಳಲ್ಲಿ. ಅಡಿಯ ಲೆಕ್ಕ ರಕ್ತಗತವಾದವರ ಮಣಿಕಟ್ಟಿಗೆ ಮೀಟರ್ ತೋರಿಸುವ ಆಲ್ಟಿಮೀಟರ್ ಕಟ್ಟಿದರೆ, ಯೋಚಿಸಲು ಸಮಯವಿಲ್ಲದ ಕಡೆ ಅವರು ಯೋಚಿಸಬೇಕಾಗುತ್ತದೆ. ಇನ್ನೊಂದು, ನೆಲದ ಎತ್ತರ. ಸಮುದ್ರಮಟ್ಟದಿಂದ ಮೇಲೇರಿದಷ್ಟೂ, ಬಿಸಿಲು ಹೆಚ್ಚಿದಷ್ಟೂ ಗಾಳಿ ತೆಳುವಾಗುತ್ತದೆ. ತೆಳು ಗಾಳಿಯಲ್ಲಿ ಅದೇ ಪ್ಯಾರಾಚೂಟ್ ಹೆಚ್ಚು ವೇಗವಾಗಿ ಸಾಗುತ್ತದೆ, ನೆಲವೂ ವೇಗವಾಗಿ ಎದುರಾಗುತ್ತದೆ. ಕಡಲತೀರದಲ್ಲಿ ಕಲಿತು ಬೆಟ್ಟದೂರಿಗೆ ಬಂದವರಿಗೆ ಮೊದಲ ಇಳಿತ ಗಾಬರಿ ಹುಟ್ಟಿಸುವುದು ಇದರಿಂದ. ಬಲ್ಲವರು ಮೊದಲ ದಿನ ಜಂಬ ಬಿಟ್ಟು ದೊಡ್ಡ ಪ್ಯಾರಾಚೂಟ್ ಬಾಡಿಗೆಗೆ ಪಡೆಯುತ್ತಾರೆ.

ಅಪರಿಚಿತರು ಕೂಡಿ ಜಿಗಿಯುವ ಬಗೆ ಈ ಲೋಕದ ಅತ್ಯಂತ ಸ್ವಾರಸ್ಯದ ಭಾಗ. ಬೆಳಗ್ಗೆ ಒಬ್ಬರ ಹೆಸರು ಒಬ್ಬರಿಗೆ ಗೊತ್ತಿಲ್ಲದವರು ಮಧ್ಯಾಹ್ನದೊಳಗೆ ಗಂಟೆಗೆ 200 ಕಿ.ಮೀ. ವೇಗದಲ್ಲಿ ಒಬ್ಬರನ್ನೊಬ್ಬರು ಹಿಡಿದುಕೊಳ್ಳಬೇಕು. ದೊಡ್ಡ ಡ್ರಾಪ್‌ಝೋನ್‌ಗಳಲ್ಲಿ ಇದಕ್ಕೆಂದೇ ಲೋಡ್ ಆರ್ಗನೈಸರ್ ಎಂಬ ಹಿರಿಯ ಜಿಗಿತಗಾರರಿರುತ್ತಾರೆ. ಬಂದವರ ಅನುಭವ ಕೇಳಿ, ತೂಕ ಅಂದಾಜಿಸಿ, ಯಾರನ್ನು ಯಾರ ಜೊತೆ ಬಿಡಬಹುದು ಎಂದು ಗುಂಪು ಕಟ್ಟುವುದು ಅವರ ಕೆಲಸ. ಗುಂಪಾದ ಮೇಲೆ ಜಿಗಿತವನ್ನು ಮೊದಲು ನೆಲದ ಮೇಲೆ ನಡೆದು ತೋರಿಸುತ್ತಾರೆ. ವಿಮಾನದ ಬಾಗಿಲಲ್ಲಿ ನಿಲ್ಲುವ ಕ್ರಮ, ಕೂಗುವ ಎಣಿಕೆ, ಮೊದಲ ಆಕೃತಿ, ಎರಡನೆಯದು, ಬೇರ್ಪಡುವ ಎತ್ತರ. ಚಕ್ರವಿರುವ ಹಲಗೆಗಳ ಮೇಲೆ ಹೊಟ್ಟೆ ಕೆಳಗಾಗಿ ಮಲಗಿ ಉರುಳುತ್ತ ಕೈಕಾಲು ಹಿಡಿಯುವ ಅಭ್ಯಾಸವನ್ನು ನೋಡುವವರಿಗೆ ನಗು ಬರುತ್ತದೆ. ಮೇಲೆ ಆ ಒಂದು ನಿಮಿಷದಲ್ಲಿ ಮಾತು ಕೇಳಿಸದು. ನೆಲದ ಮೇಲೆ ತೀರ್ಮಾನವಾದದ್ದಷ್ಟೇ ಆಗಬೇಕು.

ಮಾತಿನ ಜಾಗವನ್ನು ಸನ್ನೆ ತುಂಬುತ್ತದೆ. ಎರಡು ಬೆರಳು ನೇರ ಚಾಚಿದರೆ ಕಾಲು ಚಾಚು, ಮಣಿಕಟ್ಟಿನತ್ತ ಬೆರಳು ತೋರಿಸಿದರೆ ಎತ್ತರ ನೋಡು, ಒಂದೇ ತೋರುಬೆರಳು ಕಂಡರೆ ಈಗಲೇ ಪ್ಯಾರಾಚೂಟ್ ತೆರೆ. ಬ್ರೆಜಿಲ್‌ನಲ್ಲಿ ಕಲಿತವರಿಗೂ ಫಿನ್ಲೆಂಡಿನಲ್ಲಿ ಕಲಿತವರಿಗೂ ಇವು ಬಹುತೇಕ ಒಂದೇ.

ವಿಮಾನದೊಳಗೆ ಸೀಟುಗಳಿರುವುದಿಲ್ಲ, ಹೆಚ್ಚೆಂದರೆ ಬೆಂಚು. ಪುಟ್ಟ ಸೆಸ್ನಾ 182 ಆದರೆ ನಾಲ್ವರು, ಟ್ವಿನ್ ಆಟರ್ ಆದರೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಒಬ್ಬರ ಮೊಣಕಾಲ ನಡುವೆ ಒಬ್ಬರು ಕುಳಿತಿರುತ್ತಾರೆ. ಮೇಲೇರುತ್ತಿದ್ದಂತೆ ಅಕ್ಕಪಕ್ಕದವರು ಪರಸ್ಪರರ ಬೆನ್ನ ಮೇಲಿನ ಪಿನ್ನು, ಕುಣಿಕೆ, ಹಿಡಿಗಳನ್ನು ನೋಡಿ ಸರಿಯಿದೆ ಎಂದು ಹೆಗಲು ತಟ್ಟುತ್ತಾರೆ. ಬೆನ್ನಿನ ಪಿನ್ನು ಹೊತ್ತವರಿಗೆ ಕಾಣದು, ಹಿಂದಿರುವವರಿಗೇ ಕಾಣಬೇಕು. ಜಿಗಿತಗಾರರ ನಡುವಿನ ಸ್ನೇಹದ ಬಗ್ಗೆ ಎಷ್ಟೋ ಭಾವುಕ ಮಾತುಗಳು ಬಂದಿವೆ. ಅದರ ಬೇರು ಇರುವುದು ಇಂಥ ಒಣ ಶಿಸ್ತಿನಲ್ಲಿ. ಹೆಸರು ಗೊತ್ತಿಲ್ಲದವರಿಗೆ ಬೆನ್ನು ಕೊಟ್ಟು ಕೂರುವುದು ದಿನಕ್ಕೆ ಆರೇಳು ಸಲ ನಡೆದರೆ ಸಂಜೆಗೆ ಪರಿಚಯ ತಾನಾಗಿ ಆಗುತ್ತದೆ. ಬಾಗಿಲು ತೆರೆಯುವ ಮುನ್ನ ಅಂಗೈ ಸವರಿ ಮುಷ್ಟಿಗೆ ಮುಷ್ಟಿ ತಾಗಿಸುವ ವಂದನೆ ಹೆಚ್ಚುಕಡಿಮೆ ಎಲ್ಲ ದೇಶಗಳಲ್ಲೂ ಕಾಣುತ್ತದೆ.

ಒಂದು ಗುಂಪು ಹೊರಬಿದ್ದ ಮೇಲೆ ಮುಂದಿನ ಗುಂಪು ಕೆಲವು ಸೆಕೆಂಡು ಕಾಯುತ್ತದೆ. ಎದುರುಗಾಳಿ ಜೋರಾಗಿದ್ದರೆ ವಿಮಾನ ನೆಲದ ಮೇಲೆ ನಿಧಾನವಾಗಿ ಸಾಗುವುದರಿಂದ ಹೆಚ್ಚು ಹೊತ್ತು ಕಾಯಬೇಕು, ಇಲ್ಲವಾದರೆ ಎರಡು ಗುಂಪಿನ ಪ್ಯಾರಾಚೂಟುಗಳು ಒಂದೇ ಕಡೆ ತೆರೆಯುತ್ತವೆ. ಸುಮಾರು 1,400 ಮೀಟರಿಗೆ ಬಂದಾಗ ಎಲ್ಲರೂ ಕೈಬಿಟ್ಟು, ತಿರುಗಿ, ಮೈ ನೇರ ಮಾಡಿ ದೂರ ದೂರ ಸರಿಯುತ್ತಾರೆ. ಸಾವಿರ ಮೀಟರಿನ ಆಸುಪಾಸಿನಲ್ಲಿ ಕೈಬೀಸಿ ಸೂಚಿಸಿ ಪ್ಯಾರಾಚೂಟ್ ತೆರೆಯುತ್ತಾರೆ. ಗುಂಪು ದೊಡ್ಡದಾದಷ್ಟೂ ಬೇರ್ಪಡುವುದು ಮೇಲೆಯೇ ಆಗಬೇಕು.

ಇಂಥ ಜಿಗಿತಗಾರರು ನೂರಾರು ಸಂಖ್ಯೆಯಲ್ಲಿ ಸೇರುವ ಕೂಟಕ್ಕೆ ಬೂಗಿ ಎನ್ನುತ್ತಾರೆ. ನಮ್ಮ ಕಡೆಯ ಜಾತ್ರೆಯ ಹಾಗೆ ಅದಕ್ಕೂ ಗೊತ್ತಾದ ತಿಥಿ, ಗೊತ್ತಾದ ಬಯಲು, ವರ್ಷವೂ ತಪ್ಪದೆ ಬರುವ ಮುಖಗಳು ಇವೆ. ಅಮೆರಿಕದ ಮೊಂಟಾನಾದ ಬೆಟ್ಟಗಳ ನಡುವೆ ನಡೆಯುವ ಲಾಸ್ಟ್ ಪ್ರೈರಿ ಬೂಗಿ, ಇಲಿನಾಯ್‌ನ ಸ್ಕೈಡೈವ್ ಷಿಕಾಗೋದ ಸಮ್ಮರ್‌ಫೆಸ್ಟ್ ಹೆಸರಾದವು. ಹಿಂದೆ ಇಲಿನಾಯ್‌ನ ಕ್ವಿನ್ಸಿಯಲ್ಲಿ ನಡೆಯುತ್ತಿದ್ದ ವರ್ಲ್ಡ್ ಫ್ರೀಫಾಲ್ ಕನ್ವೆನ್ಷನ್‌ಗೆ ಸಾವಿರಗಟ್ಟಲೆ ಮಂದಿ ಬರುತ್ತಿದ್ದರು. ನಾರ್ವೆಯ ವೊಸ್‌ನಲ್ಲಿ ಪ್ರತಿ ಜೂನ್ ತಿಂಗಳು ನಡೆಯುವ ಸಾಹಸಕ್ರೀಡೆಗಳ ವಾರದಲ್ಲೂ ಸ್ಕೈಡೈವಿಂಗ್‌ಗೆ ಪಾಲಿದೆ. ಟೆಂಟು, ಹ್ಯಾಂಗರಿನ ಮೂಲೆಯ ಹಾಸಿಗೆ, ಯಾರದೋ ವ್ಯಾನು, ಹೀಗೆ ಸಿಕ್ಕಲ್ಲಿ ಮಲಗುತ್ತಾರೆ. ಬಾಲ ತೆರೆದುಕೊಳ್ಳುವ ಸ್ಕೈವ್ಯಾನ್, ಹೆಲಿಕಾಪ್ಟರ್, ಬಿಸಿಗಾಳಿ ಬಲೂನು ಮುಂತಾದ ಅಪರೂಪದ ವಾಹನಗಳಿಂದ ಜಿಗಿಯುವ ಆಸೆಗೆ ಬರುವವರೂ ಇದ್ದಾರೆ.

ಕೂಟಗಳಲ್ಲಿ ಎಲ್ಲವನ್ನೂ ಮೀರಿಸಿದ್ದು ಥಾಯ್ಲೆಂಡಿನ ಉಡಾನ್ ಥಾನಿಯಲ್ಲಿ 2006ರ ಫೆಬ್ರವರಿ 8ರಂದು ನಡೆಯಿತು. 31 ದೇಶಗಳ 400 ಜಿಗಿತಗಾರರು ಐದು ಹರ್ಕ್ಯುಲಿಸ್ ವಿಮಾನಗಳಿಂದ ಹೊರಬಿದ್ದು ಒಂದೇ ಆಕೃತಿಯಾಗಿ ಕೂಡಿಕೊಂಡರು. ಆ ಆಕೃತಿ ಉಳಿದದ್ದು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು. ಸಾಮಾನ್ಯ ಜಿಗಿತಕ್ಕಿಂತ ಬಹಳ ಎತ್ತರದಿಂದ ಹೊರಬಿದ್ದದ್ದರಿಂದ ಉಸಿರಾಟಕ್ಕೆ ಆಮ್ಲಜನಕ ಬೇಕಿತ್ತು. ನಾನೂರರಲ್ಲಿ ಪ್ರತಿಯೊಬ್ಬರಿಗೂ ಯಾರ ತೋಳು ಹಿಡಿಯಬೇಕು, ಯಾವ ಎತ್ತರದಲ್ಲಿ ಯಾವ ದಿಕ್ಕಿಗೆ ಸರಿಯಬೇಕು ಎಂಬುದು ನಿಗದಿಯಾಗಿತ್ತು. ನಾಲ್ಕು ಸೆಕೆಂಡಿಗೆ ಇಷ್ಟು ಶ್ರಮವೇ ಎಂದು ಕೇಳುವವರಿಗೆ ಜಿಗಿತಗಾರರ ಬಳಿ ಉತ್ತರವಿಲ್ಲ, ಕೇಳಿಕೊಳ್ಳುವ ಅಗತ್ಯವೂ ಅವರಿಗೆ ತೋರಿದಂತಿಲ್ಲ. 2009ರಲ್ಲಿ ಕ್ಯಾಲಿಫೋರ್ನಿಯದ ಪೆರಿಸ್‌ನಲ್ಲಿ 181 ಮಹಿಳೆಯರು, 2015ರಲ್ಲಿ ಇಲಿನಾಯ್‌ನ ಒಟ್ಟಾವಾದಲ್ಲಿ ತಲೆಕೆಳಗಾಗಿ ಬೀಳುವ 164 ಮಂದಿ ತಮ್ಮ ತಮ್ಮ ವಿಭಾಗದಲ್ಲಿ ವಿಶ್ವದಾಖಲೆ ಬರೆದರು.

ಸಂಜೆ ಕೊನೆಯ ವಿಮಾನ ಇಳಿದ ಮೇಲೆ ಬೇರೆಯದೇ ನಿಯಮಗಳು ಜಾರಿಗೆ ಬರುತ್ತವೆ. ಜೀವನದಲ್ಲಿ ಯಾವುದನ್ನಾದರೂ ಮೊದಲ ಸಲ ಮಾಡಿದವರು, ಮೊದಲ ಸಲ ಬಂದ ಡ್ರಾಪ್‌ಝೋನ್ ಆಗಲಿ, ಮೊದಲ ಸಲ ಬಳಸಬೇಕಾಗಿ ಬಂದ ಮೀಸಲು ಪ್ಯಾರಾಚೂಟ್ ಆಗಲಿ, ಎಲ್ಲರಿಗೂ ಬಿಯರ್ ಕೊಡಿಸಬೇಕು. ನೂರನೆಯ ಜಿಗಿತ ಮುಗಿಸಿದವರ ಮುಖಕ್ಕೆ ಕೆನೆ ತುಂಬಿದ ಪೈ ಬಡಿಯುತ್ತಾರೆ. ನಲವತ್ತು ದಾಟಿದವರಿಗೆ ಪಾಪ್ಸ್ ಎಂಬ ಸಂಘವಿದೆ, ಅರವತ್ತು ದಾಟಿದವರಿಗೆ ಮತ್ತೊಂದು. ವಕೀಲರು, ಬಡಗಿಗಳು, ವಿದ್ಯಾರ್ಥಿಗಳು, ನಿವೃತ್ತ ಸೈನಿಕರು ಒಂದೇ ಬೆಂಕಿಯ ಸುತ್ತ ಕುಳಿತಿದ್ದರೂ ಯಾರು ಏನು ಕೆಲಸ ಮಾಡುತ್ತಾರೆ ಎಂಬ ಪ್ರಶ್ನೆ ತಡವಾಗಿ ಬರುತ್ತದೆ. ಎಷ್ಟು ಜಿಗಿತ ಆಗಿದೆ ಎಂಬುದು ಮೊದಲು ಬರುತ್ತದೆ. ಇಲ್ಲಿ ಜಾತಿ ಇಲ್ಲವೆಂದಲ್ಲ, ಅದು ಲಾಗ್‌ಬುಕ್ಕಿನ ಜಾತಿ.

ಪ್ರವಾಸಿ ಜಿಗಿತಗಾರರ ನಕ್ಷೆಯಲ್ಲಿ ಕೆಲವು ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಮರುಭೂಮಿಯಲ್ಲಿರುವ ಅರಿಜೋನಾದ ಎಲಾಯ್, ಕ್ಯಾಲಿಫೋರ್ನಿಯದ ಪೆರಿಸ್, ಫ್ಲಾರಿಡಾದ ಡಿಲ್ಯಾಂಡ್. ಸ್ಪೇನಿನ ಎಂಪೂರಿಯಾಬ್ರಾವಾದಲ್ಲಿ ಕಾಲುವೆಗಳ ಊರು ಒಂದು ಕಡೆ, ಮೆಡಿಟರೇನಿಯನ್ ಇನ್ನೊಂದು ಕಡೆ. ದುಬೈಯಲ್ಲಿ ತಾಳೆಮರದಾಕಾರದ ದ್ವೀಪದ ಮೇಲೆ ಬೀಳಬಹುದು, ನಮೀಬಿಯದ ಸ್ವಾಕೊಪ್ಮುಂಡ್‌ನಲ್ಲಿ ಮರಳುಗುಡ್ಡ ಅಟ್ಲಾಂಟಿಕ್ ಮುಟ್ಟುವುದನ್ನು ನೋಡುತ್ತ ಇಳಿಯಬಹುದು. ಸ್ವಿಟ್ಜರ್ಲೆಂಡಿನ ಇಂಟರ್‌ಲಾಕೆನ್, ನ್ಯೂಜಿಲೆಂಡಿನ ಟೌಪೊ, ಕ್ವೀನ್ಸ್‌ಟೌನ್ ಹೆಚ್ಚಾಗಿ ಟ್ಯಾಂಡೆಮ್ ಪ್ರವಾಸಿಗರ ಪಾಲು. ನೋಟಕ್ಕೆ ಮರುಳಾಗುವವರು ಅಲ್ಲಿಗೆ ಹೋಗುತ್ತಾರೆ. ದಿನಕ್ಕೆ ಹತ್ತು ಸಲ ಜಿಗಿದು ಕಲಿಯಬೇಕೆನ್ನುವವರು, ಸುತ್ತ ನೋಡಲು ಏನೂ ಇಲ್ಲದ ಎಲಾಯ್‌ಗೆ ಹೋಗುತ್ತಾರೆ.

ಅಪಾಯದ ಲೆಕ್ಕವನ್ನು ಈ ಸಮುದಾಯ ಮುಚ್ಚಿಡುವುದಿಲ್ಲ. ಅಮೆರಿಕದ ಪ್ಯಾರಾಚೂಟ್ ಸಂಘದ ಲೆಕ್ಕದಂತೆ 2023ರಲ್ಲಿ ಆ ದೇಶದಲ್ಲಿ ಸುಮಾರು 36.5 ಲಕ್ಷ ಜಿಗಿತಗಳಾದವು, ಹತ್ತು ಮಂದಿ ಸತ್ತರು. ಸಾವು ಎಂದರೆ ತೆರೆಯದ ಪ್ಯಾರಾಚೂಟ್ ಎಂದು ಹೊರಗಿನವರು ಭಾವಿಸುತ್ತಾರೆ. ಆದರೆ ಚೆನ್ನಾಗಿ ತೆರೆದ ಪ್ಯಾರಾಚೂಟಿನಡಿಯಲ್ಲೇ ನೆಲದ ಸಮೀಪ ಚೂಪಾಗಿ ತಿರುಗಿ ಅಪ್ಪಳಿಸಿದವರು, ಇನ್ನೊಬ್ಬರಿಗೆ ಡಿಕ್ಕಿ ಹೊಡೆದವರು ಬಹಳ. ಪರವೂರಿನ ಬಯಲಿನಲ್ಲಿ ಇವೆರಡಕ್ಕೂ ಅವಕಾಶ ಜಾಸ್ತಿ. ಒಬ್ಬರು ಸತ್ತಾಗ ಆ ಘಟನೆಯ ವಿವರವನ್ನು ಬೇರೆಯವರ ತಿಳಿವಿಗಾಗಿ ಪ್ರಕಟಿಸುವ ಪದ್ಧತಿ ಇದೆ. ಹಲವೆಡೆ ಗೆಳೆಯರು ಕೂಡಿ, ಅಗಲಿದವರ ನೆನಪಿಗೆ ಆಕಾಶದಲ್ಲಿ ಒಂದು ಉಂಗುರ ಕಟ್ಟುತ್ತಾರೆ.

ಭಾರತದಲ್ಲಿ ಈ ಕ್ರೀಡೆ ಬಹುಕಾಲ ಸೇನೆಯ ಜೊತೆಗೇ ಬೆಳೆಯಿತು. ಬೆಂಗಳೂರಿನಲ್ಲಿ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. 1987ರಲ್ಲಿ ಶುರುವಾದ ವಾಯುಪಡೆಯ ಆಕಾಶಗಂಗಾ ತಂಡದ ಜಿಗಿತವನ್ನು ಮೈಸೂರು ದಸರಾದಲ್ಲಿ ನೋಡಿದವರಿದ್ದಾರೆ. ನಾಗರಿಕರಲ್ಲಿ ರೇಚಲ್ ಥಾಮಸ್ 1979ರಲ್ಲಿ ಜಿಗಿದು ದೇಶದ ಮೊದಲ ಮಹಿಳಾ ಸ್ಕೈಡೈವರ್ ಎನಿಸಿದರು, 2002ರಲ್ಲಿ ಉತ್ತರ ಧ್ರುವದಲ್ಲೂ ಜಿಗಿದರು. ಪುಣೆಯ ಶೀತಲ್ ಮಹಾಜನ್ 2004ರಲ್ಲಿ ಉತ್ತರ ಧ್ರುವದಲ್ಲಿ, 2006ರಲ್ಲಿ ಅಂಟಾರ್ಕ್ಟಿಕಾದಲ್ಲಿ ಜಿಗಿದರು. 2018ರಲ್ಲಿ ಥಾಯ್ಲೆಂಡಿನ ಪಟ್ಟಾಯದಲ್ಲಿ ಒಂಬತ್ತು ಗಜದ ಸೀರೆ ಉಟ್ಟು ಹಾರಿದರು. 2023ರ ನವೆಂಬರಿನಲ್ಲಿ ಎವರೆಸ್ಟ್ ಎದುರು 21,500 ಅಡಿಯಿಂದ ಜಿಗಿದು 17,000 ಅಡಿಗೂ ಎತ್ತರದ ಕಾಲಾಪತ್ಥರ್‌ನಲ್ಲಿ ಇಳಿದರು.

ದೇಶದೊಳಗೆ ಹರಿಯಾಣದ ನಾರ್ನೌಲ್ ಬಳಿಯ ಬಾಛೋದ್ ಏರ್‌ಸ್ಟ್ರಿಪ್‌ನಲ್ಲಿ ನಾಗರಿಕರಿಗೆ ಜಿಗಿತ ನಡೆಯುತ್ತದೆ. ಮೈಸೂರು, ಗುಜರಾತಿನ ಡೀಸಾ, ಮಧ್ಯಪ್ರದೇಶದ ಢಾನಾಗಳಲ್ಲಿ ಆಗಾಗ ಶಿಬಿರಗಳಾದದ್ದುಂಟು, ಆದರೆ ಶಿಬಿರ ಮುಗಿದ ಮೇಲೆ ವಿಮಾನವೂ ಹೋಗುತ್ತದೆ. ಲೈಸೆನ್ಸ್ ಪಡೆಯಬೇಕೆನ್ನುವ ಭಾರತೀಯರಲ್ಲಿ ಅನೇಕರು ಥಾಯ್ಲೆಂಡ್, ಸ್ಪೇನ್, ಅಮೆರಿಕಗಳಿಗೆ ಹೋಗಿ ಮೂರು ನಾಲ್ಕು ವಾರ ಅಲ್ಲೇ ಉಳಿದು ಕಲಿಯುತ್ತಾರೆ. ಹೀಗಾಗಿ ಬೇರೆ ದೇಶದವರಿಗೆ ಮನೆಯ ಡ್ರಾಪ್‌ಝೋನ್ ಮೊದಲಾದರೆ ಪ್ರವಾಸ ನಂತರದ್ದು. ಬೆಂಗಳೂರಿನಿಂದ ಹೊರಟವರ ವಿಷಯದಲ್ಲಿ ಲಾಗ್‌ಬುಕ್ಕಿನ ಮೊದಲ ಪುಟವೇ ಹೊರದೇಶದ ಸಹಿಗಳಿಂದ ತುಂಬಿರುತ್ತದೆ.